ಎರಡು ಸಾವಿರ ಜನ ಒಪ್ಪಿದ ಗೀಸರ್

ಗೀಸರನ್ನು ಗೋಡೆಯಿಂದ ಇಳಿಸಿ ಬಾತ್‌ರೂಮಿನ ನೆಲದ ಮೇಲೆ ಮಲಗಿಸಿದಾಗ ಅದರ ಹೊಟ್ಟೆಯಿಂದ ಎರಡು ಬೊಗಸೆಯಷ್ಟು ಬಿಳಿ ಚೂರು ಉದುರಿತು. ಮೊಟ್ಟೆಯ ಚಿಪ್ಪನ್ನು ಪುಡಿ ಮಾಡಿ ತುಂಬಿಟ್ಟ ಹಾಗಿತ್ತು. ರಿಪೇರಿಗೆ ಬಂದವರು ಒಂದು ಚೂರು ಎತ್ತಿ ಬೆರಳಲ್ಲಿ ತಿಕ್ಕಿ ನೋಡಿ, "ಬೋರ್ ನೀರಾ ಸರ್?" ಅಂತ ಕೇಳಿದರು. ಹೌದು ಅಂದೆ. ಕೆಂಗೇರಿ ಆಚೆ ಇರುವ ನಮ್ಮ ಬಡಾವಣೆಗೆ ಕಾವೇರಿ ಇನ್ನೂ ಬಂದಿಲ್ಲ. ಬೋರ್ ಕೈಕೊಟ್ಟರೆ ಟ್ಯಾಂಕರ್. ಟ್ಯಾಂಕರಿನವರು ತರುವುದೂ ಇನ್ನೊಂದು ಬೋರಿನ ನೀರೇ.

ಅವರು ಒಳಗಿನಿಂದ ಒಂದು ಕಡ್ಡಿ ಹೊರಗೆಳೆದರು. ಕಡ್ಡಿ ಅನ್ನುವುದೂ ಜಾಸ್ತಿಯೇ. ತಂತಿ ಅನ್ನಬಹುದು. ಆನೋಡ್ ರಾಡ್ ಅಂತೆ, ಮೆಗ್ನೀಸಿಯಂದು. ಟ್ಯಾಂಕಿಗೆ ತುಕ್ಕು ಹಿಡಿಯುವ ಬದಲು ಈ ರಾಡ್ ತಾನು ಕರಗುತ್ತಾ ಟ್ಯಾಂಕನ್ನು ಕಾಯುತ್ತದೆ. ಹೊಸದರಲ್ಲಿ ಹೆಬ್ಬೆರಳಿನಷ್ಟು ದಪ್ಪ ಇರುತ್ತದೆ. ನಮ್ಮದರಲ್ಲಿ ಮೆಗ್ನೀಸಿಯಂ ಪೂರ್ತಿ ಖಾಲಿಯಾಗಿ, ನಡುವಿನ ಕಬ್ಬಿಣದ ತಂತಿ ಮಾತ್ರ ಉಳಿದಿತ್ತು. ಕಾಯುವವನು ಹೋದ ಮೇಲೆ ಟ್ಯಾಂಕಿನ ಸರದಿ. ತಳದಲ್ಲಿ ಸಾಸಿವೆ ಕಾಳಿನಷ್ಟು ತೂತು.

"ಈ ನೀರಿಗೆ ಈ ಟ್ಯಾಂಕ್ ತಡೆಯಲ್ಲ ಸರ್. ಯಾರು ಹೇಳಿದ್ರು ಇದನ್ನ ತಗೊಳ್ಳಿ ಅಂತ?"

ಎರಡು ಸಾವಿರದ ಮುನ್ನೂರು ಜನ, ಅಂತ ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ. "ಆನ್‌ಲೈನಲ್ಲಿ ನೋಡಿ ತಗೊಂಡೆ" ಅಂದೆ. ಅವರು ಏನೂ ಹೇಳಲಿಲ್ಲ. ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿ ಬ್ಯಾಗಿಗೆ ಹಾಕಿಕೊಂಡರು. ಗೀಸರಿಗೆ ಹದಿನಾಲ್ಕು ತಿಂಗಳು ತುಂಬಿತ್ತು.

ರಾತ್ರಿ ಊಟ ಆದ ಮೇಲೆ, ಗೀಸರ್ ಕೊಂಡಿದ್ದ ಆ ಪುಟವನ್ನು ಮತ್ತೆ ತೆರೆದೆ. ಕಂಪನಿಯ ಹೆಸರು, ತಾಣದ ಹೆಸರು ಎರಡೂ ಬೇಡ. ನನ್ನ ಜಗಳ ಅವರ ಜೊತೆ ಅಲ್ಲ. ಎಲ್ಲಕ್ಕಿಂತ ಮೇಲೆ ಅದೇ ವಿಮರ್ಶೆ ಇನ್ನೂ ಕೂತಿತ್ತು. ಐದು ಸ್ಟಾರ್. ಆರು ಫೋಟೋ, ಅದರಲ್ಲಿ ಎರಡು ಬರೀ ರಟ್ಟಿನ ಡಬ್ಬಿಯದು. ಡೆಲಿವರಿ ಎರಡೇ ದಿನಕ್ಕೆ ಬಂತು, ಪ್ಯಾಕಿಂಗ್ ಗಟ್ಟಿ ಇತ್ತು, ಟೈಲ್ಸಿಗೆ ಒಪ್ಪುವ ಬಣ್ಣ, ಹತ್ತು ನಿಮಿಷಕ್ಕೆ ನೀರು ಕಾಯುತ್ತದೆ. ಕೊನೆಯಲ್ಲಿ ಒಂದು ಸಾಲು: ನಾಲ್ಕು ದಿನದಿಂದ ಬಳಸುತ್ತಿದ್ದೇನೆ. ಅದರ ಕೆಳಗೆ: ಎರಡು ಸಾವಿರದ ಮುನ್ನೂರು ಜನರಿಗೆ ಉಪಯೋಗವಾಗಿದೆ.

ಆತ ಒಂದು ಸುಳ್ಳೂ ಹೇಳಿಲ್ಲ. ನಾಲ್ಕು ದಿನ ಅಂತ ಬರೆದೇ ಇದ್ದಾನೆ. ಓದಿದವನು ನಾನು.

ಕೆಳಗೆ ಇಳಿಯುತ್ತಾ ಹೋದೆ. ಹನ್ನೊಂದನೇ ಪುಟದಲ್ಲಿ ಮೂರು ಸ್ಟಾರಿನದೊಂದು ಸಿಕ್ಕಿತು. ಫೋಟೋ ಇಲ್ಲ. ತಪ್ಪುತಪ್ಪು ಇಂಗ್ಲಿಷಿನಲ್ಲಿ ಎರಡು ಸಾಲು. ಬೋರ್ ನೀರಿನವರು ವರ್ಷಕ್ಕೊಮ್ಮೆ ರಾಡ್ ಬದಲಾಯಿಸಲೇಬೇಕು, ನಾನು ಬದಲಾಯಿಸದೆ ಒಂದೂವರೆ ವರ್ಷಕ್ಕೆ ಟ್ಯಾಂಕ್ ಹೋಯಿತು, ಅನ್ನುವುದು ಅದರ ಸಾರಾಂಶ. ನನಗೆ ಬೇಕಾಗಿದ್ದ ಎರಡೇ ಸಾಲು ಅದು. ಅದರ ಕೆಳಗೆ: ನಾಲ್ಕು ಜನರಿಗೆ ಉಪಯೋಗವಾಗಿದೆ.

ಮತ್ತೆ ಮೇಲಕ್ಕೆ ಬಂದೆ. ಆಗ ಕಣ್ಣಿಗೆ ಬಿದ್ದಿದ್ದು, ಮೊದಲ ವಿಮರ್ಶೆಯ ಕೆಳಗಿನ ಹೆಬ್ಬೆರಳಿನ ಗುರುತು ಆಗಲೇ ನೀಲಿ ಬಣ್ಣದಲ್ಲಿತ್ತು. ಅಂದರೆ ಆ ಎರಡು ಸಾವಿರದ ಮುನ್ನೂರರಲ್ಲಿ ಒಂದು ವೋಟು ನನ್ನದೇ.

ಯಾವಾಗ ಒತ್ತಿದೆ? ಗೀಸರ್ ಕೊಂಡ ದಿನವೇ ಇರಬೇಕು. ಇನ್ನು ಯಾವಾಗ ಅಲ್ಲಿಗೆ ಹೋಗಿದ್ದೆ? ಆಗ ನನ್ನ ಮನೆಯಲ್ಲಿ ಗೀಸರೇ ಇರಲಿಲ್ಲ. ಅದರ ನೀರು ಮೈಮೇಲೆ ಬಿದ್ದಿರಲಿಲ್ಲ. ಆದರೂ "ಇದು ಉಪಯೋಗಕ್ಕೆ ಬಂತು" ಅಂತ ಸಾಕ್ಷಿ ಹಾಕಿ ಬಂದಿದ್ದೆ. ಯಾಕೆ ಅಂದರೆ ಅಷ್ಟು ಹೊತ್ತಿಗೆ ಕೊಳ್ಳಬೇಕು ಅಂತ ಮನಸ್ಸು ಮಾಡಿ ಆಗಿತ್ತು. ಮನಸ್ಸು ಹೇಳಿದ್ದಕ್ಕೆ ಹೂಂ ಅಂದವನಿಗೆ ಒಂದು ಥ್ಯಾಂಕ್ಸ್ ಹೇಳಿದ ಹಾಗೆ ಬೆರಳು ತಾನಾಗಿ ಹೋಗಿ ಒತ್ತಿದೆ.

ಆ ರಾತ್ರಿಯಿಂದ ಈ ವಿಷಯ ತಲೆ ಬಿಟ್ಟು ಹೋಗಿಲ್ಲ. ವಿಮರ್ಶೆ ಬರೆಯುವವನ ಮೇಲೆ ಎಲ್ಲರಿಗೂ ಅನುಮಾನ. ಅವನು ನಿಜವಾಗಿ ಕೊಂಡಿದ್ದಾನೋ ಇಲ್ಲವೋ ಅಂತ ತೋರಿಸಲು ಅಮೆಜಾನ್ 'ವೆರಿಫೈಡ್ ಪರ್ಚೇಸ್' ಅಂತ ಬರೆಯುತ್ತದೆ, ಫ್ಲಿಪ್‌ಕಾರ್ಟ್ 'ಸರ್ಟಿಫೈಡ್ ಬೈಯರ್' ಅನ್ನುತ್ತದೆ. ಆದರೆ ಆ ವಿಮರ್ಶೆಗೆ ವೋಟು ಹಾಕುವವನ ಮೇಲೆ ಯಾರಿಗೂ ಅನುಮಾನವೇ ಇಲ್ಲ. ಅವನಿಗೆ ಯಾವ ಮುದ್ರೆಯೂ ಬೇಡ. ಸಾಮಾನ್ಯವಾಗಿ ಅವನು ಆ ವಸ್ತುವನ್ನು ಇನ್ನೂ ಕೊಂಡಿರದವನೇ. ಕೊಂಡು ವರ್ಷ ಬಳಸಿದವನು ಆ ಪುಟಕ್ಕೆ ವಾಪಸ್ ಬಂದು, ಹಳೆಯ ವಿಮರ್ಶೆಗಳನ್ನು ಒಂದೊಂದಾಗಿ ಓದಿ, ಇದು ನಿಜ, ಇದು ಸುಳ್ಳು ಅಂತ ವೋಟು ಹಾಕುತ್ತಾನೆಯೇ? ನಾನಂತೂ ಟ್ಯಾಂಕ್ ತೂತಾಗುವ ತನಕ ಹೋಗಲಿಲ್ಲ. ಹೋಟೆಲಿನ ಹೊರಗೆ ಕ್ಯೂನಲ್ಲಿ ನಿಂತವರನ್ನೇ ಊಟ ಹೇಗಿದೆ ಅಂತ ಕೇಳಿದ ಹಾಗಾಯಿತು ಇದು.

ಈ ಪುಟ್ಟ ಪ್ರಶ್ನೆಗೆ ದೊಡ್ಡ ಬೆಲೆ ಇದೆ. 'ಈ ವಿಮರ್ಶೆ ನಿಮಗೆ ಉಪಯೋಗವಾಯಿತೇ' ಅನ್ನುವ ಒಂದೇ ಸಾಲಿನಿಂದ ಅಮೆಜಾನಿಗೆ ವರ್ಷಕ್ಕೆ 270 ಕೋಟಿ ಡಾಲರ್ ವ್ಯಾಪಾರ ಹೆಚ್ಚುತ್ತಿದೆ ಅಂತ ಜೇರೆಡ್ ಸ್ಪೂಲ್ ಅನ್ನುವ ವಿನ್ಯಾಸ ತಜ್ಞ 2009ರಲ್ಲಿ ಅಂದಾಜು ಕಟ್ಟಿದ್ದರು. ಅಂದಾಜು ಅಷ್ಟೇ, ಕಂಪನಿಯ ಲೆಕ್ಕ ಅಲ್ಲ. ಆದರೆ ತರ್ಕ ಸರಿಯಾಗಿಯೇ ಇದೆ. ಸಾವಿರಾರು ವಿಮರ್ಶೆಗಳ ರಾಶಿಯಿಂದ ಓದಲು ಯೋಗ್ಯವಾದ ಮೂರ್ನಾಲ್ಕನ್ನು ಆರಿಸಿ ಮೇಲೆ ಇಡುವ ಕೆಲಸವನ್ನು ಗಿರಾಕಿಗಳೇ ಪುಕ್ಕಟೆ ಮಾಡಿಕೊಡುತ್ತಾರೆ. ಗಿರಾಕಿ ಗಲಿಬಿಲಿಯಿಲ್ಲದೆ ಕೊಳ್ಳುತ್ತಾನೆ. ಇಲ್ಲಿ 'ಉಪಯೋಗ' ಅಂದರೆ ಕೊಳ್ಳಲು ಉಪಯೋಗ. ಬಳಸಲು ಉಪಯೋಗ ಅನ್ನುವುದು ಬೇರೆಯೇ.

ಕೂತು ಹುಡುಕಿದಾಗ, ನಾನು ಗೀಸರ್ ಒಡೆದ ಮೇಲೆ ಕಂಡುಕೊಂಡದ್ದನ್ನು ಬೇರೆಯವರು 2007ರಲ್ಲೇ ಲೆಕ್ಕ ಹಾಕಿ ಬರೆದಿಟ್ಟಿದ್ದರು ಅಂತ ಗೊತ್ತಾಯಿತು. ಚೀನಾದ ಕೆಲವು ಸಂಶೋಧಕರು ಅಮೆಜಾನಿನ ಡಿಜಿಟಲ್ ಕ್ಯಾಮೆರಾ ವಿಮರ್ಶೆಗಳನ್ನು ರಾಶಿ ಹಾಕಿಕೊಂಡು ಕೂತರು. ಸುಮಾರು 23 ಸಾವಿರ ವಿಮರ್ಶೆ. ಅವುಗಳಲ್ಲಿ ಅರ್ಧದಷ್ಟಕ್ಕೆ ಬಂದ ವೋಟುಗಳಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ 'ಉಪಯೋಗವಾಯಿತು' ಅನ್ನುವಂಥವು. ಜನ ಬೇಡ ಅಂತ ಒತ್ತುವುದೇ ಕಡಿಮೆ. ಹೊಗಳಲು ಒಂದು ಬೆರಳು ಸಾಕು, ತೆಗಳಲು ಯಾಕೋ ಕೈ ಹಿಂದೆ ಸರಿಯುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ "ಹೇಗಿತ್ತು?" ಅಂತ ಕೇಳಿದರೆ ನಾವೆಲ್ಲ ಹೇಳುವುದು ಒಂದೇ ಉತ್ತರ ತಾನೇ. ಇನ್ನೊಂದು ಸಂಗತಿ, ಮೇಲಿರುವ ವಿಮರ್ಶೆಯನ್ನು ಎಲ್ಲರೂ ನೋಡುತ್ತಾರೆ, ನೋಡಿದವರು ವೋಟು ಹಾಕುತ್ತಾರೆ, ವೋಟು ಬಿದ್ದದ್ದಕ್ಕೆ ಅದು ಮೇಲೆಯೇ ಉಳಿಯುತ್ತದೆ. ಅದಕ್ಕೂ ಮೊದಲು ಅದು ಮೇಲೆ ಹೋಗಿದ್ದು ಹೇಗೆ? ಮೊದಲು ಬಂದಿದ್ದಕ್ಕೆ. ಬೇಗ ಬರೆದ ವಿಮರ್ಶೆಗೆ ವೋಟು ಕೂಡಿಸಿಕೊಳ್ಳಲು ಹೆಚ್ಚು ದಿನ ಸಿಗುತ್ತದೆ.

ಗೀಸರಿನ ವಿಷಯಕ್ಕೆ ಬಂದರೆ ಇದು ತಮಾಷೆಯ ಸಂಗತಿ ಅಲ್ಲ. ಎಲ್ಲರಿಗಿಂತ ಮೊದಲು ಬರೆಯುವವನು ಯಾರು? ಎಲ್ಲರಿಗಿಂತ ಕಡಿಮೆ ದಿನ ಬಳಸಿದವನು. ಟ್ಯಾಂಕ್ ತೂತಾದವನು ಬರೆಯಲು ಬರುವಷ್ಟರಲ್ಲಿ ನಾಲ್ಕು ದಿನದವನು ಎರಡು ಸಾವಿರ ವೋಟು ಮುಂದಿರುತ್ತಾನೆ. ಅಂದರೆ ಗೊತ್ತಿದ್ದವನು ಹನ್ನೊಂದನೇ ಪುಟದಲ್ಲಿ ಇರುವುದು ಆಕಸ್ಮಿಕ ಅಲ್ಲ. ಇನ್ನೂ ಗೊತ್ತಿಲ್ಲದಿದ್ದಾಗಲೇ ಬರೆದವನನ್ನು ಮೇಲೆ ಕೂರಿಸುವ ಹಾಗೆಯೇ ಆ ಏರ್ಪಾಡು ಇದೆ.

ಜನರ ಗುಂಪಿಗೆ ಬುದ್ಧಿಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ನಡೆದ ದನಗಳ ಪ್ರದರ್ಶನದಲ್ಲಿ ಒಂದು ಎತ್ತಿನ ತೂಕ ಊಹಿಸುವ ಸ್ಪರ್ಧೆ ಇತ್ತು. ಕಡಿದು ಸ್ವಚ್ಛ ಮಾಡಿದ ಮೇಲೆ ಮಾಂಸ ಎಷ್ಟು ತೂಗುತ್ತದೆ ಅಂತ ಚೀಟಿಯಲ್ಲಿ ಬರೆದು ಕೊಡಬೇಕು. ಫ್ರಾನ್ಸಿಸ್ ಗಾಲ್ಟನ್ ಅನ್ನುವ ವಿಜ್ಞಾನಿ ಆ ಚೀಟಿಗಳನ್ನು ಇಸಿದುಕೊಂಡು, ಸರಿಯಾಗಿ ತುಂಬಿದ್ದ 787ನ್ನು ಕ್ರಮವಾಗಿ ಜೋಡಿಸಿದ. ನಟ್ಟನಡುವೆ ಬಿದ್ದ ಊಹೆ 1207 ಪೌಂಡ್. ನಿಜವಾದ ತೂಕ 1198. ನೂರಕ್ಕೆ ಒಂದರಷ್ಟೂ ತಪ್ಪಿಲ್ಲ. ಗುಂಪಿನ ಜಾಣತನದ ಬಗ್ಗೆ ಮಾತು ಬಂದಾಗಲೆಲ್ಲ ಈ ಎತ್ತನ್ನು ಮುಂದೆ ತಂದು ನಿಲ್ಲಿಸುತ್ತಾರೆ. ಆದರೆ ಪೂರ್ತಿ ಹೇಳುವುದಿಲ್ಲ. ಆ ಚೀಟಿಗೆ ಆರು ಪೆನ್ನಿ ಕೊಡಬೇಕಿತ್ತು, ಸುಮ್ನೆ ಗೀಚಿದರೆ ದುಡ್ಡು ಹೋಗುತ್ತಿತ್ತು. ಅಲ್ಲಿದ್ದವರಲ್ಲಿ ಕಟುಕರಿದ್ದರು, ರೈತರಿದ್ದರು. ಎಲ್ಲಕ್ಕಿಂತ ಮುಖ್ಯ, ಪಕ್ಕದವನು ಎಷ್ಟು ಬರೆದ ಅಂತ ಯಾರಿಗೂ ಕಾಣುತ್ತಿರಲಿಲ್ಲ. ಎತ್ತಿನ ಕೊರಳಿಗೆ ಒಂದು ಹಲಗೆ ಕಟ್ಟಿ '2,300 ಜನ ಇಷ್ಟು ಅಂದಿದ್ದಾರೆ' ಅಂತ ಬರೆದಿದ್ದರೆ?

ಬರೆದಿದ್ದರೆ ಏನಾಗುತ್ತಿತ್ತು ಅಂತ ಸುಮಾರು ಗೊತ್ತಿದೆ. ಲೆವ್ ಮುಚ್ನಿಕ್, ಸಿನಾನ್ ಅರಲ್, ಶಾನ್ ಟೇಲರ್ ಅನ್ನುವ ಮೂವರು 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದರು. ಜನ ಸುದ್ದಿ ಹಂಚಿಕೊಳ್ಳುವ ಒಂದು ತಾಣದಲ್ಲಿ ಐದು ತಿಂಗಳ ಕಾಲ ಬಂದ ಒಂದು ಲಕ್ಷಕ್ಕೂ ಹೆಚ್ಚು ಅಭಿಪ್ರಾಯಗಳನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿದರು. ಕೆಲವಕ್ಕೆ ಹುಟ್ಟಿದ ಕೂಡಲೇ ಒಂದು ಸುಳ್ಳು ಮೆಚ್ಚುಗೆ ವೋಟು ಹಾಕಿದರು. ಒಂದೇ ಒಂದು. ಆ ಒಂದನ್ನು ನೋಡಿದ ಮುಂದಿನ ಓದುಗ ತಾನೂ ಮೆಚ್ಚುಗೆ ಒತ್ತುವ ಸಾಧ್ಯತೆ 32% ಏರಿತು. ಐದು ತಿಂಗಳು ಕಳೆಯುವ ಹೊತ್ತಿಗೆ ಅಂಥವುಗಳ ಅಂಕ ಸರಾಸರಿ 25% ಜಾಸ್ತಿ. ಸುಳ್ಳು ವಿರೋಧದ ವೋಟು ಹಾಕಿದಾಗ ಮಾತ್ರ ಹೀಗಾಗಲಿಲ್ಲ. ಪಾಪ, ಅನ್ಯಾಯ ಆಗಿದೆ ಅಂತ ಜನ ತಾವಾಗಿ ಮೇಲಕ್ಕೆ ಒತ್ತಿ ಸರಿ ಮಾಡಿದರು. ನನಗೆ ಇದರಲ್ಲಿ ಹಿಡಿಸಿದ್ದು ಈ ಕೊನೆಯ ಭಾಗ. ನಾವು ಒಳ್ಳೆಯವರೇ. ತೆಗಳಿಕೆ ಸುಳ್ಳಾದರೆ ಅಡ್ಡ ಬರುತ್ತೇವೆ. ಹೊಗಳಿಕೆ ಸುಳ್ಳಾದರೆ ಹಿಂದೆ ಹೋಗುತ್ತೇವೆ. ಜನ ಮರುಳೋ ಜಾತ್ರೆ ಮರುಳೋ ಅನ್ನುತ್ತೇವಲ್ಲ, ಜಾತ್ರೆ ನೆರೆಯಲು ಒಬ್ಬನೇ ಸಾಕಂತೆ.

ಅದು ಗೊತ್ತಿರುವವರು ಸುಮ್ಮನಿರುತ್ತಾರೆಯೇ? ಸಂತೆ ನೆರೆಯುವ ಮುನ್ನ ಗಂಟುಕಳ್ಳರು ನೆರೆದರು. ವಸ್ತು ತಗೊಳ್ಳಿ, ಐದು ಸ್ಟಾರ್ ಹಾಕಿ, ಸ್ಕ್ರೀನ್‌ಶಾಟ್ ಕಳಿಸಿ, ದುಡ್ಡು ವಾಪಸ್ ಅನ್ನುವ ಗುಂಪುಗಳ ಬಗ್ಗೆ ಕೇಳಿಯೇ ಇರುತ್ತೀರಿ. ಫೇಸ್‌ಬುಕ್ಕಿನಲ್ಲಿ ಇಂಥ ಹತ್ತು ಸಾವಿರಕ್ಕೂ ಹೆಚ್ಚು ಗುಂಪುಗಳನ್ನು ನಡೆಸುತ್ತಿದ್ದವರ ಮೇಲೆ ಅಮೆಜಾನ್ 2022ರ ಜುಲೈನಲ್ಲಿ ಕೇಸು ಹಾಕಿತು. ಅದೇ ವರ್ಷದ ನವೆಂಬರಿನಲ್ಲಿ ನಮ್ಮ ಬಿಐಎಸ್, ಅಂದರೆ ಪ್ರೆಷರ್ ಕುಕ್ಕರಿನ ಮೇಲೆ ಐಎಸ್‌ಐ ಗುರುತು ಹಾಕುವ ಸಂಸ್ಥೆ, ಆನ್‌ಲೈನ್ ವಿಮರ್ಶೆಗಳಿಗೂ ಒಂದು ಮಾನದಂಡ ತಂದಿತು. ಐಎಸ್ 19000:2022. ಬರೆಯುವವರ ಗುರುತು ಖಚಿತ ಮಾಡಿಕೊಳ್ಳಬೇಕು, ಹೇಗೆ ಪರಿಶೀಲಿಸಿ ಪ್ರಕಟಿಸಬೇಕು ಅಂತೆಲ್ಲ ಅದರಲ್ಲಿದೆ. ಇಷ್ಟ ಇದ್ದವರು ಪಾಲಿಸಬಹುದು ಅಂತ ಹೊರಡಿಸಿದ ಮಾನದಂಡ ಅದು. ಅಮೆರಿಕದಲ್ಲಿ ಸುಳ್ಳು ವಿಮರ್ಶೆ ಮಾರುವುದನ್ನೂ ಕೊಳ್ಳುವುದನ್ನೂ ನಿಷೇಧಿಸುವ ನಿಯಮ 2024ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಇರಲಿ. ಕಳ್ಳರ ವಿಷಯ ಪೊಲೀಸರು ನೋಡಿಕೊಳ್ಳಲಿ. ನನ್ನ ಗೀಸರನ್ನು ಕೆಡಿಸಿದ್ದು ಕಳ್ಳರಲ್ಲ, ನನ್ನಂಥ ಸಂಭಾವಿತರು.

ಕೊರ್ನೆಲ್ ವಿಶ್ವವಿದ್ಯಾಲಯದವರು ಮುಖ್ಯವಾಗಿ ಇದ್ದ ಒಂದು ತಂಡ 2009ರಲ್ಲಿ ಅಮೆಜಾನಿನ 40 ಲಕ್ಷಕ್ಕೂ ಹೆಚ್ಚು ಪುಸ್ತಕ ವಿಮರ್ಶೆಗಳನ್ನು ಜಾಲಾಡಿತು. ವಿಮರ್ಶೆಯ ಸ್ಟಾರ್ ಆ ಪುಸ್ತಕದ ಸರಾಸರಿಗೆ ಹತ್ತಿರ ಇದ್ದಷ್ಟೂ ಅದನ್ನು 'ಉಪಯುಕ್ತ' ಅನ್ನುವವರು ಜಾಸ್ತಿ ಅಂತ ಕಂಡಿತು. ಸರಿ, ಸರಾಸರಿಗೆ ಹತ್ತಿರ ಇರುವವರು ಚೆನ್ನಾಗಿ ಬರೆಯುತ್ತಾರೇನೋ ಅಂತ ನೀವು ಕೇಳಬಹುದು. ಅದಕ್ಕೆ ಅವರು ಹೂಡಿದ ಉಪಾಯ ಸೊಗಸಾಗಿದೆ. ಕದ್ದ ವಿಮರ್ಶೆಗಳನ್ನು ಹುಡುಕಿದರು. ಒಂದು ಪುಸ್ತಕಕ್ಕೆ ಬರೆದದ್ದನ್ನೇ ಇನ್ನೊಂದಕ್ಕೆ ಅಂಟಿಸಿದವರು ಬೇಕಾದಷ್ಟು ಇದ್ದರು. ಅದೇ ಮಾತು, ಅದೇ ಸಾಲು. ಒಂದು ಕಡೆ ಸರಾಸರಿಗೆ ಹತ್ತಿರ, ಇನ್ನೊಂದು ಕಡೆ ದೂರ. ಹತ್ತಿರ ಇದ್ದಲ್ಲಿ ಮೆಚ್ಚುಗೆ ಹೆಚ್ಚು. ಬರಹ ಒಂದೇ, ಓದುವ ಗುಂಪಿನ ಮನಸ್ಸು ಮಾತ್ರ ಬೇರೆ. ಎಲ್ಲರೂ ನಾಲ್ಕೂವರೆ ಅನ್ನುವ ಗೀಸರಿಗೆ ಮೂರು ಅಂದವನ ಗತಿ ಏನು ಅಂತ ನಾನು ಹನ್ನೊಂದನೇ ಪುಟದಲ್ಲಿ ನೋಡಿದ್ದೆ.

ಲೆಕ್ಕದವರು ಸುಮ್ಮನೆ ಕೂತಿಲ್ಲ. ಐದು ಜನರಲ್ಲಿ ಐವರೂ ಒಪ್ಪಿದ ವಿಮರ್ಶೆ ಮೇಲೆ ಬರಬೇಕೋ, ನೂರರಲ್ಲಿ ತೊಂಬತ್ತು ಜನ ಒಪ್ಪಿದ್ದು ಮೇಲೆ ಬರಬೇಕೋ? ಬರೀ ಶೇಕಡಾ ನೋಡಿದರೆ ಐದರದ್ದು ಗೆಲ್ಲುತ್ತದೆ. ಎಡ್ವಿನ್ ವಿಲ್ಸನ್ ಅನ್ನುವ ಗಣಿತಜ್ಞ 1927ರಲ್ಲಿ ಕೊಟ್ಟ ಒಂದು ಸೂತ್ರ ಹಾಕಿದರೆ ಐದರದ್ದು ಸುಮಾರು 57ಕ್ಕೆ ಇಳಿಯುತ್ತದೆ, ನೂರರದ್ದು 83ರ ಹತ್ತಿರ ನಿಲ್ಲುತ್ತದೆ. ಕಡಿಮೆ ಜನ ಹೇಳಿದ್ದನ್ನು ಕಡಿಮೆ ನಂಬು ಅಂತ ಅದರ ಅರ್ಥ. ಜನ ಚರ್ಚೆ ಮಾಡುವ ರೆಡಿಟ್ ಅನ್ನುವ ತಾಣ 2009ರಿಂದ ಅಭಿಪ್ರಾಯಗಳನ್ನು ಜೋಡಿಸಲು ಇದನ್ನೇ ಬಳಸಿತು. ಒಳ್ಳೆಯ ಸೂತ್ರ. ಆದರೆ ಅದು ವೋಟು ಹಾಕಿದವರು ಎಷ್ಟು ಜನ ಅಂತ ನೋಡುತ್ತದೆ, ಅವರಿಗೆ ಏನು ಗೊತ್ತಿತ್ತು ಅಂತ ನೋಡುವುದಿಲ್ಲ. ಹನ್ನೊಂದನೇ ಪುಟದ ನನ್ನ ಪುಣ್ಯಾತ್ಮ ನಾಲ್ಕಕ್ಕೆ ನಾಲ್ಕು ವೋಟು ಪಡೆದಿದ್ದರೂ ಈ ಸೂತ್ರದ ಮುಂದೆ ಸೋಲುತ್ತಾನೆ.

ಇನ್ನು ಜನ ನಗು ಬಂದರೂ ಉಪಯೋಗವಾಯಿತು ಅಂತ ಒತ್ತುತ್ತಾರೆ, ಅದು ಬೇರೆ. ಅಮೆರಿಕದ ಅಮೆಜಾನಿನಲ್ಲಿ ಬಾಳೆಹಣ್ಣು ಹೆಚ್ಚುವ ಒಂದು ಹಳದಿ ಪ್ಲಾಸ್ಟಿಕ್ ಸಲಕರಣೆ ಇದೆ, ಹಟ್ಜ್ಲರ್ 571 ಅಂತ. ಬಾಳೆಹಣ್ಣು ಹೆಚ್ಚಲು ಸಲಕರಣೆ ಯಾಕೆ ಅಂತ ನಮಗೆ ಅನಿಸಿದ ಹಾಗೆ ಅವರಿಗೂ ಅನಿಸಿದೆ. ಅದರ ವಿಮರ್ಶೆಗಳು ಜೋಕಿನ ಕಣಜ. ಜೀವನವೇ ಬದಲಾಯಿತು, ಸಂಸಾರ ಉಳಿಯಿತು ಅಂತೆಲ್ಲ ಬರೆದಿದ್ದಾರೆ. ಅಲ್ಲಿ ವೋಟು ಗೆಲ್ಲುವುದು ನಗಿಸಿದವನು.

ನಮ್ಮ ಅಮ್ಮನಿಗೆ ಇದ್ಯಾವುದೂ ಬೇಡ. ಅವರು ಕಾಂಪೌಂಡಿನ ಆಚೆಯವರನ್ನು ಕೇಳುತ್ತಾರೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ತಗೊಂಡು ಎಷ್ಟು ವರ್ಷ ಆಯ್ತು?" ಹೇಗಿದೆ ಅನ್ನುವುದು ಎರಡನೇ ಪ್ರಶ್ನೆ. ಮೊದಲನೆಯದಕ್ಕೆ "ಈಗ ತಾನೇ" ಅಂತ ಉತ್ತರ ಬಂದರೆ ಎರಡನೆಯದನ್ನು ಕೇಳುವುದೇ ಇಲ್ಲ, ಹವಾ ಚೆನ್ನಾಗಿದೆ ಅಂತ ಮಾತು ಬದಲಾಯಿಸುತ್ತಾರೆ. ಇದನ್ನು ಕಂಡು ಹಳೇ ಕಾಲವೇ ಚೆನ್ನಾಗಿತ್ತು ಅಂತ ಹೇಳಲು ಹೊರಟರೆ ಅದೂ ಸುಳ್ಳೇ. ಏಳು ಸಾವಿರ ಕೊಟ್ಟು ಕೆಟ್ಟದ್ದನ್ನು ತಂದೆ ಅಂತ ಪಕ್ಕದ ಮನೆಯವರ ಮುಂದೆ ಯಾರು ಒಪ್ಪುತ್ತಾರೆ? ನಾನೇ ಮೊನ್ನೆ ಎದುರು ಮನೆಯವರಿಗೆ "ಗೀಸರ್ ಸರ್ವಿಸಿಗೆ ಬಿಚ್ಚಿಸಿದೀನಿ" ಅಂದೆ. ಮತ್ತೆ ಆನ್‌ಲೈನ್ ಗುಂಪು ಎಲ್ಲದರಲ್ಲೂ ತಪ್ಪುವುದಿಲ್ಲ. ಚಪ್ಪಲಿ ಒಂದು ನಂಬರ್ ದೊಡ್ಡದು ತಗೊಳ್ಳಿ ಅಂತ ಇನ್ನೂರು ಜನ ಹೇಳಿದರೆ ಕಣ್ಣು ಮುಚ್ಚಿ ತಗೊಳ್ಳಬಹುದು. ಕಾಲಿಗೆ ಹಾಕಿದ ಕ್ಷಣ ಗೊತ್ತಾಗುವ ವಿಷಯ ಅದು. ಡಬ್ಬಿ ತೆರೆದ ದಿನವೇ ಗುಣ ತೋರಿಸುವ ವಸ್ತುಗಳಿಗೆ ಈ ವೋಟು ಸರಿ. ಗೀಸರ್, ಹಾಸಿಗೆ, ಗ್ರೈಂಡರಿನ ಕಲ್ಲು, ಇನ್ವರ್ಟರ್ ಬ್ಯಾಟರಿ, ಇವೆಲ್ಲ ನಿಧಾನವಾಗಿ ಬಣ್ಣ ಬಯಲು ಮಾಡುವ ಜಾತಿ.

ಹೊಸ ಗೀಸರನ್ನು ಅಂಗಡಿಯಿಂದ ತಂದೆ. ರಿಪೇರಿಯವರೇ ಹೇಳಿದ್ದು. ಅವರಿಗೆ ಕಮಿಷನ್ ಇರಬಹುದು, ಇರಲಿ. ತೂತಾದ ಟ್ಯಾಂಕ್ ದಿನಕ್ಕೆ ಮೂರು ಬಿಚ್ಚುವವರು ಅವರು.

ಆಮೇಲೆ ನಾನೂ ಒಂದು ವಿಮರ್ಶೆ ಬರೆದೆ, ಹಳೆಯ ಗೀಸರಿಗೆ. ಎರಡು ಸ್ಟಾರ್. ಬಿಳಿ ಚೂರುಗಳ ಫೋಟೋ, ಸವೆದ ರಾಡಿನ ಫೋಟೋ, ಹದಿನಾಲ್ಕು ತಿಂಗಳು ಅಂತ ಮೊದಲ ಸಾಲಿನಲ್ಲೇ. ಮೇಲಿನ ವಿಮರ್ಶೆಗೆ ಹಾಕಿದ್ದ ನನ್ನ ವೋಟನ್ನು ವಾಪಸ್ ತಗೊಂಡೆ. ಅದರ ಎಣಿಕೆ ಒಂದು ಕಡಿಮೆ ಆಯಿತು, ಮಾರನೇ ದಿನ ನೋಡಿದರೆ ಮೂರು ಜಾಸ್ತಿ ಆಗಿತ್ತು. ನನ್ನದಕ್ಕೆ ಹತ್ತು ದಿನವಾದರೂ ಸೊನ್ನೆ. ಎಷ್ಟನೇ ಪುಟದಲ್ಲಿದೆ ಅಂತ ಹುಡುಕಿದೆ. ಹದಿನಾಲ್ಕು.

ತಡೆಯಲಾಗಲಿಲ್ಲ. ಮನೆಯ ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿ, "ಎಲ್ಲರೂ ದಯವಿಟ್ಟು ಹೋಗಿ ಹೆಲ್ಪ್‌ಫುಲ್ ಒತ್ತಿ" ಅಂತ ಬರೆದೆ. ಒಂದು ಗಂಟೆಯಲ್ಲಿ ಹನ್ನೊಂದು ವೋಟು ಬಿತ್ತು. ಭಾವ ಒತ್ತಿದರು, ಅವರ ಮಗಳು ಒತ್ತಿದಳು, ಮೈಸೂರಿನ ದೊಡ್ಡಪ್ಪ ಒತ್ತಿ ಕೈಮುಗಿದ ಚಿತ್ರ ಕಳಿಸಿದರು. ಅವರ ಮನೆಯಲ್ಲಿ ಇಂದಿಗೂ ಸೌದೆ ಒಲೆಯ ಹಂಡೆ. ರಾತ್ರಿ ಹೊತ್ತಿಗೆ ನನ್ನ ವಿಮರ್ಶೆ ಎರಡನೇ ಪುಟಕ್ಕೆ ಬಂದಿತ್ತು. ಖುಷಿಯಾಗಿ ಸ್ಕ್ರೀನ್‌ಶಾಟ್ ತೆಗೆಯುತ್ತಿರುವಾಗ ಹಾಸನದ ಚಿಕ್ಕಮ್ಮನ ಫೋನ್ ಬಂತು.

"ಒತ್ತಿದೆ ಕಣೋ" ಅಂದರು. "ಎಲ್ಲಾ ಇಂಗ್ಲಿಷಲ್ಲಿತ್ತು, ಓದಕ್ಕೆ ಹೋಗಲಿಲ್ಲ. ಯಾವಾಗಿಂದ ಗೀಸರ್ ಮಾರ್ತಾ ಇದೀಯಾ?"